ದ್ವೀಪದ ನೆತ್ತಿಯ ಮೇಲೆ ಸ್ವಾತಿ

ಹವಾಯಿ ದ್ವೀಪಗಳಿಗೆ ರಜೆಯ ವಿಹಾರಕ್ಕೆಂದು ಹೋಗುವವರು ಹಗಲನ್ನು ಕಡಲಿಗೂ ಇರುಳನ್ನು ಗಾನಗೋಷ್ಠಿಗಳಿಗೂ ಒಪ್ಪಿಸಿಬಿಡುವುದೇ ವಾಡಿಕೆ. ಒಂದು ರಾತ್ರಿಯನ್ನಾದರೂ ಆಕಾಶಕ್ಕಾಗಿ ತೆಗೆದಿರಿಸುವ ರಸಿಕರೂ ಅವರಲ್ಲಿ ಇಲ್ಲದಿಲ್ಲ. ಅಂಥವರನ್ನು ಮೌನಾ ಕೇಯಾ ಪರ್ವತದ ಮೇಲಕ್ಕೆ ವಾಹನಗಳಲ್ಲಿ ಕರೆದೊಯ್ಯುವವರಿದ್ದಾರೆ. ಕಡಲ ತಡಿಯಲ್ಲಿ ಬೆವರೊರೆಸಿಕೊಂಡವರು ಒಂಬತ್ತು ಸಾವಿರ ಅಡಿ ಎತ್ತರದ ತಂಗುದಾಣವನ್ನು ಸೇರುವ ಹೊತ್ತಿಗೆ ಉಣ್ಣೆಯ ಅಂಗಿಯನ್ನು ಹುಡುಕಬೇಕಾಗುತ್ತದೆ! ಶಿಖರದ ಎತ್ತರ ಸುಮಾರು 13,800 ಅಡಿ. ಮೋಡಗಳು ಬಹುಮಟ್ಟಿಗೆ ಅದರ ಸೊಂಟದ ಕೆಳಗೇ ಉಳಿದುಬಿಡುವುದರಿಂದ ಜಗತ್ತಿನ ಹಿರಿಯ ದೂರದರ್ಶಕಗಳಲ್ಲಿ ಕೆಲವು ಅಲ್ಲಿ ನೆಲೆಗೊಂಡಿವೆ.

ಆದರೆ ನಕ್ಷತ್ರಗಳನ್ನು ಕಾಣಲು ಪರ್ವತವನ್ನೇ ಏರಬೇಕೆಂದಿಲ್ಲ. ದೀಪಗಳಿಂದ ದೂರವಾದ ಮರಳದಂಡೆಯೊಂದು ಸಿಕ್ಕಿದರೆ ಸಾಕು. ಭೂಮಧ್ಯರೇಖೆಯಿಂದ ಇಪ್ಪತ್ತು ಡಿಗ್ರಿಗಳಷ್ಟು ಉತ್ತರಕ್ಕಿರುವ ಈ ದ್ವೀಪಗಳಲ್ಲಿ ಮೇ ತಿಂಗಳ ಒಂದೇ ರಾತ್ರಿ ಬಡಗಣ ಧ್ರುವನನ್ನೂ ತೆಂಕಣ ತ್ರಿಶಂಕುವನ್ನೂ ನೋಡಬಹುದು. ಲಂಡನ್ನಿನಿಂದಲೋ ನ್ಯೂಯಾರ್ಕಿನಿಂದಲೋ ಬಂದವರಿಗೆ ತ್ರಿಶಂಕುವಿನ ದರ್ಶನ ಪರಮಾಶ್ಚರ್ಯ. ಬೆಂಗಳೂರಿನವರಿಗೆ ಅದೇನೂ ಹೊಸತಲ್ಲ, ತಲೆಯೆತ್ತಿ ನೋಡುವ ಅಭ್ಯಾಸವೊಂದಿದ್ದರೆ. ಅದೇ ಇರುಳು ಕೆಂಬಣ್ಣದ ಸ್ವಾತಿ ಆ ದ್ವೀಪಗಳ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ಕನ್ನಡ ಜನರು ಆ ಹೆಸರಿನ ಮಳೆಹನಿಯಿಂದ ಚಿಪ್ಪಿನಲ್ಲಿ ಮುತ್ತು ಹುಟ್ಟುವುದೆಂದು ನಂಬಿದರೆ, ಹವಾಯಿಯ ಜನರು ಆ ತಾರೆಯನ್ನು ‘ಹೋಕುಲೇಆ’, ಎಂದರೆ ಆನಂದದ ನಕ್ಷತ್ರ, ಎಂದು ಕರೆದರು.

ಆನಂದವೇಕೆ? ಅದು ನೆತ್ತಿಗೆ ಬಂದಿತೆಂದರೆ ಮನೆಯ ನೇರಕ್ಕೆ ಬಂದಂತೆ! ದಕ್ಷಿಣದಿಂದ ತಿಂಗಳುಗಟ್ಟಲೆ ತೇಲಿ ಬಂದ ನಾವಿಕನಿಗೆ ದಿಕ್ಸೂಚಿಯಿಲ್ಲ, ನಕ್ಷೆಯಿಲ್ಲ. ಸ್ವಾತಿಯು ತಲೆಯ ನೇರಕ್ಕೆ ಏರುವ ಅಕ್ಷಾಂಶವನ್ನು ಮುಟ್ಟಿದನೆಂದರೆ ಇನ್ನು ಪಕ್ಕಕ್ಕೆ ತಿರುಗಿ ನೆಲವನ್ನು ಅರಸಬೇಕು. ಹಾಗೆಯೇ ತಾಹಿತಿಯ ನೆತ್ತಿಯ ಬಳಿ ಹಾಯುವುದು ಲುಬ್ಧಕ. ತ್ರಿಶಂಕುವಿನ ಲೆಕ್ಕವಂತೂ ಇನ್ನೂ ಸೊಗಸು. ಅದು ನೆಟ್ಟಗೆ ನಿಂತಾಗ ಮೇಲಿನ ತಾರೆಗೂ ಕೆಳಗಿನ ತಾರೆಗೂ ಆರು ಡಿಗ್ರಿಗಳಷ್ಟು ಅಂತರ. ಕೆಳಗಿನ ತಾರೆಯಿಂದ ಕಡಲಂಚಿಗೂ ಅಷ್ಟೇ ಅಂತರ ಕಂಡರೆ ದೋಣಿಯು ಹೊನೊಲುಲುವಿನ ಅಕ್ಷಾಂಶದಲ್ಲಿದೆಯೆಂದು ತಿಳಿಯಬೇಕು. ಕೈ ಚಾಚಿ ಬೆರಳುಗಳಿಂದಲೇ ಅಳೆಯುವ ಲೆಕ್ಕವಿದು. ದಿಕ್ಕನ್ನು ಹೇಳುವವು ಕಡಲಂಚಿನಲ್ಲಿ ಆಗ ತಾನೇ ಹುಟ್ಟುತ್ತಿರುವ ತಾರೆಗಳು. ಒಂದು ತಾರೆ ಎತ್ತರಕ್ಕೆ ಏರಿ ನಿಷ್ಪ್ರಯೋಜಕವಾದೊಡನೆ ಅದೇ ತಾಣದಲ್ಲಿ ಹುಟ್ಟುವ ಇನ್ನೊಂದನ್ನು ಹಿಡಿಯಬೇಕು; ಬೆಳಗಾಗುವವರೆಗೆ ಹೀಗೆ ಹಲವನ್ನು. ಮೋಡ ಕವಿದಾಗ ದೋಣಿಗೆ ಬಡಿಯುವ ಅಲೆಗಳ ಓಲಾಟವೇ ಗತಿ.

ವಿದ್ವಾಂಸರೆಲ್ಲರೂ ಇದನ್ನು ನಂಬಲಿಲ್ಲ. 1956ರಲ್ಲಿ ಆಂಡ್ರೂ ಶಾರ್ಪ್ ಎಂಬ ಇತಿಹಾಸಕಾರನು, ಶಾಂತಸಾಗರದ ದೂರದ ದ್ವೀಪಗಳನ್ನು ಜನರು ಸೇರಿದ್ದು ಬೇಕೆಂದು ಹೊರಟಲ್ಲ, ಗಾಳಿ ನೀರುಗಳು ನೂಕಿದಂತೆ ತೇಲಿಹೋಗಿ, ಎಂದು ಒಂದು ಗ್ರಂಥವನ್ನೇ ಬರೆದನು. ಪೂರ್ವಜರನ್ನು ತೆಂಗಿನಕಾಯಿಗಳ ಸಾಲಿಗೆ ಸೇರಿಸಿದ ಈ ವಾದ ದ್ವೀಪವಾಸಿಗಳ ಮನಸ್ಸನ್ನು ಚುಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ. ಪ್ರಯೋಗದಿಂದಲೇ ಉತ್ತರ ಕೊಡಬೇಕೆಂದು ಹಳೆಯ ಮಾದರಿಯ ಜೋಡಿದೋಣಿಯೊಂದನ್ನು ಕಟ್ಟಿ ಅದಕ್ಕೆ ‘ಹೋಕುಲೇಆ’ ಎಂದೇ ಹೆಸರಿಟ್ಟರು. ಆದರೆ ಅದನ್ನು ನಡೆಸುವವರು ಯಾರು? ಹವಾಯಿಯಲ್ಲಿ ಆ ವಿದ್ಯೆಯನ್ನು ಬಲ್ಲವನು ಒಬ್ಬನೂ ಉಳಿದಿರಲಿಲ್ಲ!

ಕೊನೆಗೆ ಬಂದವನು ಪಶ್ಚಿಮದ ಕ್ಯಾರೊಲೈನ್ ದ್ವೀಪಗಳಲ್ಲಿ ಒಂದು ಚೂರಿನಂತಿರುವ ಸತವಾಲ್ ದ್ವೀಪದ ಮೌ ಪಿಯಾಯ್ಲುಗ್. ಎಳೆಯ ವಯಸ್ಸಿನಲ್ಲಿ ಅಜ್ಜನ ಬಳಿ ಕಲಿತ ವಿದ್ಯೆ ಆತನದು. 1976ರ ಮೇ 1ರಂದು ಮಾವಿ ದ್ವೀಪದಿಂದ ಹೊರಟ ದೋಣಿ, ಯಾವ ಉಪಕರಣದ ನೆರವನ್ನೂ ಪಡೆಯದೆ, ಎರಡು ಸಾವಿರದ ಐನೂರು ಮೈಲಿಗಳಷ್ಟು ದೂರವನ್ನು ದಾಟಿ ಜೂನ್ 4ರಂದು ತಾಹಿತಿಯ ಪಪೀತೆ ಬಂದರನ್ನು ಸೇರಿತು. ದಡದಲ್ಲಿ ಜನಸಾಗರವೇ ನೆರೆದಿತ್ತು.

ಮೌನ ಮುಂದಿನ ಕಾರ್ಯ ಇದಕ್ಕಿಂತ ಕಠಿನವಾದುದು. ಹೊರಗಿನವರಿಗೆ ಈ ವಿದ್ಯೆಯನ್ನು ಹೇಳಿಕೊಡುವುದು ಆತನ ಕುಲಕ್ಕೆ ಸಮ್ಮತವಲ್ಲ. ಆದರೆ ಸ್ವಂತ ದ್ವೀಪದ ತರುಣರಿಗೆ ಅದರಲ್ಲಿ ಆಸಕ್ತಿ ಕುಂದುತ್ತ ಬಂದಿತ್ತು. ನಿಯಮವನ್ನು ಉಳಿಸುವುದೋ, ವಿದ್ಯೆಯನ್ನು ಉಳಿಸುವುದೋ? ಮೌ ವಿದ್ಯೆಯನ್ನು ಆರಿಸಿಕೊಂಡನು. ತನ್ನವರ ನಿಂದೆಯನ್ನೂ ಹೊತ್ತನು. ಶಿಷ್ಯನಾಗಿ ದೊರೆತವನು ನೈನೋವಾ ಥಾಮ್ಸನ್ ಎಂಬ ಹವಾಯಿಯ ತರುಣ. ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದ ತಾರಾಲಯದಲ್ಲಿ ಕುಳಿತು, ಗುಮ್ಮಟದ ಕೃತಕ ಆಕಾಶವನ್ನು ತಿರುತಿರುಗಿಸಿ ಅಭ್ಯಾಸ ಮಾಡುತ್ತಿದ್ದವನು ಈತ. ಹೊರಡುವ ಮುನ್ನ ಒಂದು ದಿನ ಗುರುವು ಕಡಲ ಕಡೆಗೆ ಕೈ ತೋರಿ, ತಾಹಿತಿ ಕಾಣುತ್ತಿದೆಯೇ ಎಂದು ಕೇಳಿದನಂತೆ. ಮನಸ್ಸಿನಲ್ಲಿ ಕಾಣುತ್ತಿದೆ ಎಂದನು ಶಿಷ್ಯ. ಆ ಚಿತ್ರ ಅಳಿಸಿಹೋದರೆ ನೀನೂ ಕಳೆದುಹೋಗುತ್ತೀ ಎಂದು ಗುರು ಎಚ್ಚರಿಸಿದನು. 1980ರಲ್ಲಿ ಥಾಮ್ಸನ್ ತಾಹಿತಿಗೆ ಹೋಗಿ ಮರಳಿಯೂ ಬಂದನು. ಮೌ ತೀರಿಕೊಂಡದ್ದು 2010ರಲ್ಲಿ.

ನಕ್ಷತ್ರಗಳು ಅಲ್ಲಿ ಪಂಚಾಂಗವೂ ಆಗಿದ್ದುವು. ಸೂರ್ಯ ಮುಳುಗುವ ಹೊತ್ತಿಗೆ ಪೂರ್ವದಲ್ಲಿ ಕೃತ್ತಿಕೆ ಮೂಡಿದಾಗ, ಸುಮಾರು ನವೆಂಬರಿನಲ್ಲಿ, ‘ಮಕಾಹಿಕಿ’ ಎಂಬ ಸುಗ್ಗಿಯ ಕಾಲ ಮೊದಲಾಗುತ್ತಿತ್ತು; ಆಗ ಯುದ್ಧ ನಿಷಿದ್ಧ. ಕಾರ್ತಿಕ ಮಾಸಕ್ಕೆ ಹೆಸರು ಕೊಟ್ಟ ತಾರೆಗಳೂ ಇವೇ ಅಲ್ಲವೆ?

ಹೊನೊಲುಲುವಿನ ವೈಕಿಕಿ ದಂಡೆಯಲ್ಲಿ ಇಂದು ಈ ತಾರೆಗಳನ್ನು ಹುಡುಕುವುದು ಕಷ್ಟ. ಸಾಲುಗಟ್ಟಿ ನಿಂತ ಹೋಟೆಲುಗಳು ಇರುಳನ್ನೇ ತೊಳೆದುಬಿಟ್ಟಿವೆ. ಮೌನಾ ಕೇಯಾ ಇರುವ ದೊಡ್ಡ ದ್ವೀಪದಲ್ಲಿ ಮಾತ್ರ ದೂರದರ್ಶಕಗಳ ಸಲುವಾಗಿ ಹೊರದೀಪಗಳ ಬೆಳಕಿಗೆ ಕಾನೂನಿನ ಕಡಿವಾಣ ಹಾಕಿದ್ದಾರೆ. ಬೆಳಕಿನಿಂದ ದಾರಿ ತಪ್ಪುವವರು ಮನುಷ್ಯರಷ್ಟೇ ಅಲ್ಲ. ಕವಾಯಿ ದ್ವೀಪದ ಬೆಟ್ಟದ ಬಿಲಗಳಲ್ಲಿ ಹುಟ್ಟುವ ಒಂದು ಜಾತಿಯ ಕಡಲಹಕ್ಕಿಯ ಮರಿಗಳು ಶರತ್ಕಾಲದ ಇರುಳುಗಳಲ್ಲಿ ಮೊದಲ ಬಾರಿಗೆ ಗೂಡು ಬಿಟ್ಟು ಸಮುದ್ರದತ್ತ ಹಾರುತ್ತವೆ. ದೀಪಗಳ ಸೆಳೆತಕ್ಕೆ ಸಿಕ್ಕಿ ಸುತ್ತಿ ಸುತ್ತಿ ಬಳಲಿ ನೆಲಕ್ಕೆ ಬೀಳುತ್ತವೆ. ಬಿದ್ದವು ಮತ್ತೆ ಏಳಲಾರವು. ಆಟದ ಮೈದಾನದ ದೀಪಗಳಿಂದ ಅವು ಸಾಯುತ್ತಿರುವುದನ್ನು ಕಂಡು, 2010ರಲ್ಲಿ ಅಲ್ಲಿನ ಶಾಲೆಗಳ ಶುಕ್ರವಾರ ರಾತ್ರಿಯ ಕಾಲ್ಚೆಂಡಾಟವನ್ನು ಹಗಲಿಗೆ ಬದಲಾಯಿಸಿದರು. ಎಷ್ಟೋ ಮಂದಿ ಗೊಣಗಿದರು. ಬಿದ್ದ ಮರಿಯನ್ನು ಕಂಡವರು ಬಟ್ಟೆಯಲ್ಲಿ ಸುತ್ತಿ ಅಗ್ನಿಶಾಮಕ ಠಾಣೆಯ ಮುಂದಿನ ಪೆಟ್ಟಿಗೆಯಲ್ಲಿಟ್ಟು ಬರುವ ಏರ್ಪಾಡು 1979ರಿಂದ ಬೆಳೆದುಬಂದಿದೆ. ಆರೈಕೆ ಪಡೆದು ಚೇತರಿಸಿಕೊಂಡ ಮರಿಯನ್ನು ಕಡಲಿಗೆ ಎದುರಾಗಿ ಹಿಡಿದು ಹಾರಲು ಬಿಡುತ್ತಾರೆ.