ಕೂಸಿನೊಡನೆ ವಿಜಯಮಂಗಲಕ್ಕೆ

ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುವ ನಮಗೆ ಬಿಡುವೆಂದರೆ ಭಾನುವಾರ. ಎರಡು ವರ್ಷದ ಕೂಸನ್ನು ಎತ್ತಿಕೊಂಡು ಎಲ್ಲಿಗೆ ಹೋಗೋಣ? ಪಾರ್ಕಿನಲ್ಲಿ ಐಸ್‌ಕ್ರೀಮಿನ ರಗಳೆ. ಪಕ್ಕದ ಈರೋಡು ಜಿಲ್ಲೆಯ ವಿಜಯಮಂಗಲದಲ್ಲಿ ಚಂದ್ರಪ್ರಭ ಸ್ವಾಮಿಯ ಬಸದಿಯಿದೆ. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನ ತಂಗಿ ಪುಲಿಯಬ್ಬೆ ಸಲ್ಲೇಖನ ಕೈಗೊಂಡದ್ದು ಇಲ್ಲಿಯೇ ಎಂದು ನಿಷಿಧಿ ಶಾಸನ ಹೇಳುತ್ತದೆ.

ಬೀದಿಯಲ್ಲಿ ನಮ್ಮ ಮಕ್ಕಳು ತಮಿಳು ಕಲಿಯುತ್ತವೆ. ಕಲಿಯಲಿ, ಅದೂ ಬೇಕು. ಕನ್ನಡ ಮಾತ್ರ ನಾವು ಆಡಿದರಷ್ಟೇ ಅವುಗಳ ಕಿವಿಗೆ ಬೀಳುವುದು. ಸಲ್ಲೇಖನವೆಂದರೆ ಕೂಸಿಗೇನು ತಿಳಿದೀತು? “ಅಣ್ಣ ಬೆಳಗೊಳದಲ್ಲಿ, ತಂಗಿ ಇಲ್ಲಿ” ಎಂದರೆ ಸದ್ಯಕ್ಕೆ ಸಾಕು.

ಬೆಳಿಗ್ಗೆಯೇ ಹೊರಡಿ. ಮಧ್ಯಾಹ್ನ ಅಂಗಳದ ಕಲ್ಲು ಕಾದು ಬರಿಗಾಲಿನ ಮಗು ಅಳುತ್ತದೆ. ಬುತ್ತಿಗೆ ಮೊಸರನ್ನವಿರಲಿ. ಸಂಜೆ ಬಸ್ಸಿನಲ್ಲಿ ನಿದ್ದೆಹೋದ ಕೂಸನ್ನು ಹೊತ್ತು ಮುಳುಗುವ ಮುನ್ನ ಎಬ್ಬಿಸಿ ಉಣಿಸುವುದೇ ದೊಡ್ಡ ಕೆಲಸ. ಅದಕ್ಕೆ ಅಜ್ಜಿಯನ್ನೂ ಕರೆದೊಯ್ಯಿರಿ.