ದುಡಿ ಗೆಳೆಯಾ, ಪುಸ್ತಕ ಬಿಡಬ್ಯಾಡ

'ಕಾಲೇಜು ಬಿಡು, ದುಡಿಮೆ ಹಿಡಿ' ಅಂತ ಬುದ್ಧಿ ಹೇಳಿದವರನ್ನ ಒಂದು ಮಾತು ಕೇಳು, ಗೆಳೆಯಾ: ನಿಮ್ಮ ಮಗ ಯಾರ ಹೊಲದಾಗ ಕಬ್ಬು ಕಡಿತಾನ?

ಗೋಕಾಕದ ಜಲಪಾತ 19ನೇ ಶತಮಾನದಲ್ಲೇ ಹತ್ತಿ ಗಿರಣಿ ತಿರುಗಿಸಿತು. ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನ ನೀರು ಮೂಡಲಗಿ ಸೀಮೆಯ ಕಬ್ಬು ಬೆಳೆಸಿತು. ಬೆವರು ನಮ್ಮದು; ತೂಕದ ಚೀಟಿ, ಲೆಕ್ಕದ ಪುಸ್ತಕ ಅವರದು.

ಹಾಗಂತ ಹಸಿದ ಮನಿಯಾಗ ಡಿಗ್ರಿಯ ಹಾಡು ಹಾಡಲಾರೆ. ಕೂಲಿ ಇಲ್ಲದಿದ್ರ ಒಲಿ ಹೊತ್ತೋದಿಲ್ಲ. ಬಾಬಾಸಾಹೇಬರಿಗೆ ಇದು ಗೊತ್ತಿತ್ತು. 1946ರಲ್ಲಿ ಮುಂಬೈಯಲ್ಲಿ ಅವರು ಕಟ್ಟಿದ ಸಿದ್ಧಾರ್ಥ ಕಾಲೇಜು ಬೆಳಗಿನ ಹೊತ್ತು ಪಾಠ ನಡೆಸಿ, ದುಡಿಯುವವನಿಗೂ ಬಾಗಿಲು ತೆಗೆಯಿತು.

ನಮ್ಮ ಮೂರು ತಾಲೂಕಿನಾಗೂ ಅಂಥ ಬಾಗಿಲು ಕೇಳೋಣ. ದುಡಿ, ಓದು. ಎರಡರಾಗ ಒಂದ ನಿನಗ ಅನ್ನೋದು ಮನುವಿನ ಲೆಕ್ಕ.