ಗ್ರಾಹಕರ ಜಗಲಿ: ಕುದುರೆಯ ಮೇವಿನ ಚೀಲ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮಿಕ್ಸರು, ಹಾಲು, ವಿಮೆಯ ಕಂತು, ಇಲ್ಲವೇ ಬಿಲ್ಡರುಗಳ ಕುರಿತಾದವು. ಈ ಸಲ ಕಲ್ಯಾಣದ ಓದುಗರೊಬ್ಬರು ಕುದುರೆಯ ಬಗ್ಗೆ ಬರೆದಿದ್ದಾರೆ. ನೇರಳ್ ಕಡೆ ಅವರ ಬಂಧುಗಳ ತೋಟದಲ್ಲಿ ಎರಡು ಕುದುರೆಗಳಿವೆಯಂತೆ. ಇದುವರೆಗೆ ಕಡಲೆ, ಬೂಸಾ, ಹುಲ್ಲು ಹಾಕಿ ಸಾಕಿದವರು ಈಗ ಚೀಲದಲ್ಲಿ ಸಿದ್ಧವಾಗಿ ಬರುವ ಗುಳಿಗೆ ಮೇವಿಗೆ ತಿರುಗಬೇಕೆಂದಿದ್ದಾರೆ. ಅಂಗಡಿಯಲ್ಲಿ ನಾಲ್ಕು ಬಗೆಯ ಚೀಲಗಳಿವೆ, ನಾಲ್ಕರ ಮೇಲೂ ಓಡುವ ಕುದುರೆಯ ಚಿತ್ರವಿದೆ, ಯಾವುದನ್ನು ನಂಬುವುದು ಎಂಬುದು ಅವರ ಪ್ರಶ್ನೆ.

ಫ್ಲ್ಯಾಟಿನಲ್ಲಿ ವಾಸಿಸುವ ನಮಗೆ ಕುದುರೆಯ ಗೊಡವೆ ಏಕೆ ಎನ್ನಬೇಡಿ. ಡೊಂಬಿವಲಿಯಲ್ಲಿ ಕರ್ಜತ್ ಲೋಕಲ್ ಹಿಡಿದರೆ ನೇರಳ್, ಅಲ್ಲಿಂದ ಮೇಲೆ ಮಾಥೇರಾನ್. 1850ರಲ್ಲಿ ಆ ಬೆಟ್ಟವನ್ನು ಹೊರಜಗತ್ತಿಗೆ ಪರಿಚಯಿಸಿದವನು ನಮ್ಮ ಠಾಣೆ ಜಿಲ್ಲೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್. ಅಲ್ಲಿ ಮೋಟಾರು ವಾಹನಗಳಿಗೆ ನಿಷೇಧವಿದೆ. 2022ರ ಕೊನೆಯಲ್ಲಿ ಇ-ರಿಕ್ಷಾಗಳ ಪ್ರಯೋಗ ಆರಂಭವಾದರೂ, ದಸ್ತೂರಿ ನಾಕಾದಲ್ಲಿ ಇಳಿದವರಿಗೆ ಮೊದಲು ಎದುರಾಗುವುದು ಕುದುರೆಯೇ. ಮುಂಬಯಿಯ ವಿಕ್ಟೋರಿಯಾ ಗಾಡಿಗಳಿಗೆ 2015ರಲ್ಲಿ ಹೈಕೋರ್ಟು ತಡೆ ಹಾಕಿತು. ಮಾಥೇರಾನಿನಲ್ಲಿ ಮಾತ್ರ ಒಂದೊಂದು ಕುದುರೆಯ ಬೆನ್ನ ಮೇಲೆ ಒಂದೊಂದು ಸಂಸಾರ ಇಂದಿಗೂ ಕುಳಿತಿದೆ. ತೋಟದ ಶೋಕಿ ಕುದುರೆ ಸತ್ತರೆ ದುಃಖ, ದುಡಿಯುವ ಕುದುರೆ ಸತ್ತರೆ ಆ ಮನೆಯ ಒಲೆಯೂ ಆರುತ್ತದೆ. ಇಬ್ಬರೂ ಕೊಳ್ಳುವುದು ಅದೇ ಮಾರುಕಟ್ಟೆಯ ಚೀಲವನ್ನು.

ನಮ್ಮ ಸೀಮೆಯಲ್ಲಿ ಕುದುರೆಗೆ ಏನು ತಿನ್ನಿಸಬೇಕೆಂಬ ಗೊಂದಲ ಹಳೆಯದು. ಹದಿಮೂರನೆಯ ಶತಮಾನದ ಮಾರ್ಕೋ ಪೋಲೋ, ದಕ್ಷಿಣದವರು ಕುದುರೆಗಳಿಗೆ ಅನ್ನ-ಮಾಂಸ ಬೇಯಿಸಿ ಹಾಕುತ್ತಾರೆ, ಅದಕ್ಕೇ ಅವು ಸಾಯುತ್ತವೆ ಎಂಬರ್ಥದಲ್ಲಿ ಬರೆದ. ವಿಜಯನಗರದ ಕಾಲಕ್ಕೆ ಕುದುರೆ ಎಷ್ಟು ದುರ್ಲಭವಾಗಿತ್ತೆಂದರೆ, ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಅರಸರು ಹಣ ಕೊಡುತ್ತಿದ್ದರೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಹೇಳುತ್ತಾನೆ. ಕೊನೆಗೆ ಕನ್ನಡನಾಡಿನ ಕುದುರೆಗೆ ಒಗ್ಗಿದ ಕಾಳು ಹುರುಳಿ. ಅದನ್ನು ತುಳುವರು ಕುಡು ಎನ್ನುತ್ತಾರೆ, ಇಲ್ಲಿನ ಮರಾಠಿಗರು ಕುಳೀಥ ಎನ್ನುತ್ತಾರೆ, ಇಂಗ್ಲಿಷರು ಹಾರ್ಸ್ ಗ್ರಾಮ್ ಎಂದೇ ಹೆಸರಿಟ್ಟರು. ನೆನೆಸಿ ಬೇಯಿಸಿದ ಹುರುಳಿಯ ದೊಡ್ಡ ಗುಣ, ಕಣ್ಣಿಗೆ ಕಾಣುವುದೇ ಅದರೊಳಗೂ ಇರುತ್ತದೆ ಎಂಬುದು. ಗುಳಿಗೆ ಮೇವಿನಲ್ಲಿ ಆ ಅನುಕೂಲವಿಲ್ಲ. ಪುಡಿ ಮಾಡಿ, ಒತ್ತಿ, ಒಂದೇ ಬಣ್ಣಕ್ಕೆ ತಂದ ಮೇಲೆ ಒಳಗೇನಿದೆ ಎಂಬುದು ತಯಾರಿಸಿದವನಿಗೇ ಗೊತ್ತು.

ಹಾಗೆಂದು ಮನೆಯ ಮೇವೇ ಶ್ರೇಷ್ಠ ಎಂದು ನಾನು ವಾದಿಸುವುದಿಲ್ಲ. ಬೂಸಾದ ಉದಾಹರಣೆ ನೋಡಿ. (1973ರಲ್ಲಿ ಬಸವಲಿಂಗಪ್ಪನವರ ಬಾಯಿಂದ ಹೊರಟು ನಾಡನ್ನೇ ನಡುಗಿಸಿದ ಪದ ಇದೇ, ಪಾಪ, ಬೂಸಾದ ಕಡೆಯಿಂದ ಯಾರೂ ಮಾತಾಡಲಿಲ್ಲ.) ನಮ್ಮ ಬೂಸಾ ಎಂದರೆ ಗೋಧಿಯ ತೌಡು. ಇಲ್ಲಿನ ಹಿಂದಿ ವ್ಯಾಪಾರಿಗೆ ಅದು ಚೋಕರ್, ಅವನ ಭೂಸಾ ಎಂದರೆ ಕತ್ತರಿಸಿದ ಗೋಧಿ ಹುಲ್ಲು. ಅಂಗಡಿಯಲ್ಲಿ ಹೆಸರು ಹೇಳುವಾಗಲೇ ಎಚ್ಚರ ಬೇಕು. ಈ ತೌಡಿನಲ್ಲಿ ಕ್ಯಾಲ್ಸಿಯಮ್ಮಿಗಿಂತ ರಂಜಕ ಎಂಟು-ಹತ್ತು ಪಟ್ಟು ಹೆಚ್ಚು. ವರ್ಷಗಟ್ಟಲೆ ಅದನ್ನೇ ಹೆಚ್ಚಾಗಿ ತಿಂದ ಕುದುರೆಯ ದೇಹ ತನ್ನ ಮೂಳೆಯ ಕ್ಯಾಲ್ಸಿಯಮ್ಮನ್ನೇ ಕರಗಿಸಿ ಸರಿದೂಗಿಸಿಕೊಳ್ಳುತ್ತದೆ, ಮುಖದ ಮೂಳೆ ಊದುತ್ತದೆ. ಯುರೋಪಿನಲ್ಲಿ ಹಿಟ್ಟಿನ ಗಿರಣಿಯವರ ಕುದುರೆಗಳಿಗೆ ಇದು ಹೆಚ್ಚಾಗಿ ಬರುತ್ತಿದ್ದುದರಿಂದ ಗಿರಣಿಯವರ ರೋಗವೆಂದೇ ಕರೆಯುತ್ತಿದ್ದರು. ಒಳ್ಳೆಯ ಗುಳಿಗೆ ಮೇವು ಇಂಥ ಲೆಕ್ಕವನ್ನು ಸರಿಪಡಿಸುತ್ತದೆ, ಅದರ ಉಪಯೋಗ ನಿಜವಾದದ್ದೇ.

ಆದರೆ ಅಂಗಡಿಯವನನ್ನು ನಾವು ಕೇಳುವ ಮೊದಲ ಪ್ರಶ್ನೆಯೇ ಬೇರೆಯಾಗಬೇಕು. "ಇದರಲ್ಲಿ ಏನೇನಿದೆ?" ಎಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದದ್ದು, "ಇದನ್ನು ಮಾಡುವ ಯಂತ್ರದಲ್ಲಿ ಮತ್ತೇನು ಮಾಡುತ್ತಾರೆ?"

ಕಾರಣ ಹೇಳುತ್ತೇನೆ. ಕೋಳಿಗಳ ಕರುಳಿನ ರೋಗ ತಡೆಯಲು ಅವುಗಳ ಮೇವಿಗೆ ಮೊನೆನ್ಸಿನ್ ಎಂಬ ಔಷಧ ಬೆರೆಸುವುದುಂಟು, ಕೆಲವು ದೇಶಗಳಲ್ಲಿ ದನಗಳಿಗೂ ಕೊಡುತ್ತಾರೆ. ಕೋಳಿಯನ್ನು ಕೊಲ್ಲಲು ಅದರ ತೂಕದ ಕಿಲೋ ಒಂದಕ್ಕೆ ಸುಮಾರು 200 ಮಿಲಿಗ್ರಾಮ್ ಬೇಕು. ಕುದುರೆಗೆ 2-3 ಮಿಲಿಗ್ರಾಮ್ ಸಾಕು. ಅಂದರೆ 300 ಕಿಲೋ ತೂಕದ ಕುದುರೆಗೆ ಒಂದು ಗ್ರಾಮಿಗೂ ಕಡಿಮೆ. ಕೋಳಿಮೇವಿನ ಟನ್ನಿಗೆ ಸುಮಾರು 100 ಗ್ರಾಮ್ ಬೆರೆಸುವುದು ರೂಢಿ. ಬೆಳಿಗ್ಗೆ ಕೋಳಿಮೇವು ಬೆರೆಸಿದ ಯಂತ್ರವನ್ನು ಚೆನ್ನಾಗಿ ತೊಳೆಯದೆ ಮಧ್ಯಾಹ್ನ ಕುದುರೆಮೇವು ಬೆರೆಸಿದರೆ ಏನಾದೀತೆಂದು ನೀವೇ ಊಹಿಸಿ. ಪೆಟ್ಟು ಬೀಳುವುದು ಹೃದಯದ ಸ್ನಾಯುವಿಗೆ. ಬದುಕಿ ಉಳಿದ ಕುದುರೆಯೂ ಮತ್ತೆ ಸವಾರನನ್ನು ಹೊರಲಾರದೆ ಹೋಗಬಹುದು. ಕುದುರೆಗೆ ವಾಂತಿ ಮಾಡಲೂ ಬರುವುದಿಲ್ಲ, ನುಂಗಿದ್ದು ನುಂಗಿದ್ದೇ. 2014ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಒಂದೇ ಲಾಯದ 22 ಕುದುರೆಗಳು ಹೀಗೆ ಮೊನೆನ್ಸಿನ್ ಸೇರಿದ ಮೇವು ತಿಂದು ವಿಷಕ್ಕೆ ಒಳಗಾದವು. ಚೀಲ ಕುದುರೆಯದೇ ಆಗಿತ್ತು. ಅದೇ ರಾಜ್ಯದಲ್ಲಿ 2009ರ ಏಪ್ರಿಲ್‌ನಲ್ಲಿ 21 ಪೋಲೋ ಕುದುರೆಗಳು ಸತ್ತದ್ದು ಇನ್ನೊಂದು ಬಗೆಯ ತಪ್ಪಿನಿಂದ: ಪುಷ್ಟಿಗೆಂದು ಕೊಟ್ಟ ಮಿಶ್ರಣದಲ್ಲಿ ಸೆಲೆನಿಯಂ ಪ್ರಮಾಣ ಮಿತಿಮೀರಿತ್ತು. ಪರೀಕ್ಷೆ, ಕಾನೂನು ಎಲ್ಲ ಇರುವ ದೇಶದ ಕತೆ ಇದು.

ಆದ್ದರಿಂದ ಕುದುರೆಮೇವಿಗೆ ಪ್ರತ್ಯೇಕ ಘಟಕವಿರುವ, ಅಥವಾ ಈ ಔಷಧಗಳನ್ನು ಒಳಗೇ ತರುವುದಿಲ್ಲವೆಂದು ಬರೆದುಕೊಡುವ ತಯಾರಕನಿಗೇ ಮೊದಲ ಮಣೆ. ಅಂಗಡಿಯವನಿಗೆ ಇದು ಗೊತ್ತಿರುವುದಿಲ್ಲ. ಚೀಲದ ಮೇಲಿನ ನಂಬರಿಗೆ ಫೋನು ಮಾಡಿ. ಉತ್ತರ ಬಾರದಿದ್ದರೆ, ಅಥವಾ "ಎಲ್ಲ ಒಂದೇ ಸಾಹೇಬ್" ಎಂಬ ಉತ್ತರ ಬಂದರೆ, ಆ ಚೀಲ ಅಲ್ಲೇ ಇರಲಿ.

ಇನ್ನು ಚೀಲದ ಬರಹ. ಐಎಸ್‌ಐ ಗುರುತು ಕಂಡ ಕೂಡಲೇ ನಿಶ್ಚಿಂತರಾಗಬೇಡಿ, ಅದರ ಸಂಖ್ಯೆ ಓದಿ. 2052 ಎಂದರೆ ದನದ ಮೇವಿನ ಮಾನದಂಡ, 1374 ಎಂದರೆ ಕೋಳಿಯದು. ಎರಡೂ ಗೌರವದ ಸಂಖ್ಯೆಗಳೇ, ಆದರೆ ನಿಮ್ಮ ಕುದುರೆಗೆ ಸಂಬಂಧವಿಲ್ಲ. ದನದ ಹಿಂಡಿಯಲ್ಲಿ ಯೂರಿಯಾ ಸೇರಿದ್ದರೆ ಪ್ರೋಟೀನಿನ ಅಂಕಿ ಏರಿ ಕಾಣುತ್ತದೆ. ಹಸುವಿನ ಹೊಟ್ಟೆ ಅದನ್ನು ಬಳಸಿಕೊಂಡೀತು, ಕುದುರೆಗೆ ಅದು ದಕ್ಕುವುದಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಓಟ್ಸ್, ಜವೆಗೋಧಿ, ಸೋಯಾ ಎಂದು ಹೆಸರು ಹಿಡಿದು ಬರೆದಿದ್ದರೆ ಒಳ್ಳೆಯದು. ಬರೀ "ಧಾನ್ಯ ಮತ್ತು ಧಾನ್ಯದ ಉಪೋತ್ಪನ್ನಗಳು" ಎಂದಿದ್ದರೆ, ಮಾರುಕಟ್ಟೆಯಲ್ಲಿ ಯಾವುದು ಅಗ್ಗವೋ ಅದು ಈ ತಿಂಗಳು, ಇನ್ನೊಂದು ಮುಂದಿನ ತಿಂಗಳು ಎಂಬ ಅರ್ಥವೂ ಇರಬಹುದು. ಕುದುರೆಯ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳೇ ನಾರನ್ನು ಅರಗಿಸುವುದು, ಮೇವು ಏಕಾಏಕಿ ಬದಲಾದರೆ ಅವು ತಾಳವು. ಹೊಟ್ಟೆಶೂಲೆಗೆ ಇದೊಂದು ಮುಖ್ಯ ಕಾರಣ. ಬ್ಯಾಚ್ ನಂಬರು, ತಯಾರಾದ ತಿಂಗಳು ಇಲ್ಲದ ಚೀಲವನ್ನು ಮುಟ್ಟಲೇಬೇಡಿ. ಬಿಡಿಯಾಗಿ ತೂಗಿ ಕೊಡುವುದನ್ನಂತೂ ಕೊಳ್ಳಬಾರದು. ಹಳೆಯ ಕೋಳಿಮೇವಿನ ಚೀಲಕ್ಕೇ ಸುರಿದು ಕೊಟ್ಟರೆ ಇಷ್ಟೆಲ್ಲ ವಿಚಾರಿಸಿದ್ದು ವ್ಯರ್ಥ. ಹುರುಳಿ ತಿಂದು ಬೆಳೆದ ಪ್ರಾಣಿಗೆ ಹುರುಳಿಲ್ಲದ ಜಾಹೀರಾತು ಸಾಲದು.

ನಮ್ಮ ಭಾಗದಲ್ಲಿ ಇನ್ನೊಂದು ಶತ್ರು ಮಳೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನೇರಳಿನ ಗಾಳಿಯಲ್ಲೇ ನೀರಿರುತ್ತದೆ. ಕಾಕಂಬಿ ಬೆರೆಸಿದ ಸಿಹಿ ಮೇವು ಬೇಗ ತೇವ ಹಿಡಿಯುತ್ತದೆ, ಆ ಸಿಹಿ ವಾಸನೆಯೇ ಬೂಷ್ಟಿನ ವಾಸನೆಯನ್ನು ಮುಚ್ಚುತ್ತದೆ. ಬೂಷ್ಟು ಹಿಡಿದ ಮೆಕ್ಕೆಜೋಳದಲ್ಲಿನ ವಿಷ ಕುದುರೆಯ ಮಿದುಳನ್ನೇ ಕರಗಿಸಬಲ್ಲುದು. ಶೇಂಗಾ ಹಿಂಡಿಯ ಬೂಷ್ಟಿನಿಂದ 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತವು. ಮಳೆಗಾಲದಲ್ಲಿ ಎರಡು ವಾರಕ್ಕೆ ಸಾಲುವಷ್ಟೇ ಕೊಳ್ಳಿ. ಗೋಡೆಗೆ ತಾಗದಂತೆ ಹಲಗೆಯ ಮೇಲಿಡಿ. ಗುಳಿಗೆಗಳು ಗಂಟುಗಟ್ಟಿದ್ದರೆ ಬಿಸಿಲಿಗೆ ಒಣಗಿಸಿ ಹಾಕುವ ಉಳಿತಾಯ ಬೇಡ, ಒಣಗಿದರೆ ವಿಷ ಹೋಗುವುದಿಲ್ಲ.

ಪತ್ರ ಬರೆದ ಓದುಗರಿಗೆ: ಎಂಥ ಚೀಲ ತಂದರೂ ಹುಲ್ಲು ನಿಲ್ಲಿಸಬೇಡಿ. 300 ಕಿಲೋ ಕುದುರೆಗೆ ದಿನಕ್ಕೆ ನಾಲ್ಕೂವರೆ ಕಿಲೋ ಒಣಹುಲ್ಲಾದರೂ ಬೇಕು. ಕುದುರೆಯ ಜಠರ ಚಿಕ್ಕದು, ಆದ್ದರಿಂದ ಗುಳಿಗೆ ಒಂದು ಹೊತ್ತಿಗೆ ಒಂದೂವರೆ ಕಿಲೋ ಮೀರದಿರಲಿ. ಹಳೆಯ ಮೇವಿನ ಜೊತೆ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಹತ್ತು ದಿನಗಳಲ್ಲಿ ಬದಲಾಯಿಸಿ. ಪ್ರತಿ ಚೀಲದಿಂದ ಒಂದು ಹಿಡಿ ತೆಗೆದು ಬಾಟಲಿಯಲ್ಲಿಟ್ಟು, ಚೀಲಕ್ಕೆ ಹೊಲಿದ ಚೀಟಿ ಮತ್ತು ಬಿಲ್ಲನ್ನು ಜೊತೆಗಿರಿಸಿ. ಕುದುರೆ ಮೇವಿಗೆ ಮೂತಿ ತಿರುಗಿಸಿದರೆ, ಬೆವತರೆ, ನಡೆಯುವಾಗ ತೂರಾಡಿದರೆ ಆ ಚೀಲ ನಿಲ್ಲಿಸಿ ಕೂಡಲೇ ಪಶುವೈದ್ಯರನ್ನು ಕರೆಸಿ. ಸಲಹೆಗೆ 1886ರಿಂದ ನಡೆಯುತ್ತಿರುವ ಪರೇಲಿನ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನಿಮ್ಮ ತೋಟದ ಪಕ್ಕದಲ್ಲಿ ಬಾಡಿಗೆ ಕುದುರೆಯವರಿದ್ದರೆ ಅವರಿಗೂ ತಿಳಿಸಿ: ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡ ವಸ್ತುವಾದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವರೂ ಗ್ರಾಹಕರೇ. ವ್ಯಾಪಾರಕ್ಕೆ ಕೊಂಡದ್ದೆಂದು ಯಾರಾದರೂ ಹಿಂದಕ್ಕೆ ಕಳಿಸಿದರೆ ಈ ಮಾತನ್ನು ಎತ್ತಿ ಹೇಳಬೇಕು, ಬಿಲ್ಲು ತೋರಿಸಬೇಕು.